ಜುಲೈ ತಿಂಗಳ ಅರಮನೆ

ಗೋವಾದ ವಾಸ್ಕೋದ ಓದುಗರೊಬ್ಬರು ಬರೆದಿದ್ದಾರೆ: ಪಣಜಿಯ ಹಳೇ ಸಚಿವಾಲಯ ಅಂದರೆ ನಮ್ಮ ವಿಜಾಪುರದ ಆದಿಲ್ ಶಾಹಿಗಳ ಅರಮನೆ. ಅಲ್ಲಿ ಸಾಂಸ್ಕೃತಿಕ ಕೇಂದ್ರ, ಕಲೆ, ಉತ್ಸವ ಅಂತ ಸುಮ್ನೆ ದುಡ್ಡು ಸುರಿಯುವ ಬದಲು ಮತ್ತೆ ಕಚೇರಿ ಇಡಬಾರದೇ? ಹೋಗಲಿ, ಒಂದು ಕನ್ನಡ ಫಲಕವಾದರೂ ಬೇಡವೇ?

ಫಲಕ ಹಾಕಲಿ, ನನ್ನ ತಕರಾರಿಲ್ಲ. ಆದರೆ ಅದನ್ನು ಪೂರ್ತಿ ನಮ್ಮದು ಅನ್ನುವಂತಿಲ್ಲ. 1510ರಲ್ಲಿ ಗೋವಾ ಪೋರ್ಚುಗೀಸರ ಕೈಸೇರಿತು. ಅವರು ಅರಮನೆಯನ್ನು ತಮಗೆ ಬೇಕಾದಂತೆ ತಿದ್ದಿಕೊಂಡರು. 1759ರಲ್ಲಿ ಅವರ ವೈಸ್‌ರಾಯ್ ಹಳೇ ಗೋವಾದ ಕಡೆಯಿಂದ ಬಂದು ಅಲ್ಲೇ ಬಿಡಾರ ಹೂಡಿದ. ಆದರೂ ಹೆಸರು ಮಾತ್ರ ಹೋಗಲಿಲ್ಲ ನೋಡಿ. ಅವರ ಬಾಯಲ್ಲಿ ವಿಜಾಪುರದ ದೊರೆ ಆದಿಲ್ ಖಾನ್ 'ಇದಲ್ಕಾಂವ್' ಆದ, ಅರಮನೆಗೂ ಅದೇ ಹೆಸರು ಉಳಿಯಿತು.

ಕಚೇರಿ ಮಾತ್ರ ಬೇಡ. 2000ದಲ್ಲಿ ವಿಧಾನಸಭೆ ಮಾಂಡವಿ ನದಿ ದಾಟಿ ಪರ್ವರಿಗೆ ಹೋಗುವವರೆಗೆ ಅಲ್ಲಿ ನಡೆದದ್ದು ಸರ್ಕಾರದ ಕೆಲಸವೇ. ಕೈಯಲ್ಲಿ ಅರ್ಜಿ ಇಲ್ಲದವನು ಅಂಥ ಮೆಟ್ಟಿಲು ಹತ್ತುತ್ತಾನೆಯೇ?

ನಿಮ್ಮ ಸಿಟ್ಟಿನಲ್ಲಿ ನಿಜವೂ ಇದೆ. ಪಣಜಿಯ ಹಳೇ ವೈದ್ಯಕೀಯ ಕಾಲೇಜಿನ ಕಟ್ಟಡವನ್ನೇ ತೆಗೆದುಕೊಳ್ಳಿ. ಕಾಲೇಜು ಶುರುವಾದದ್ದು 1842ರಲ್ಲಿ. ಅದು ಬಾಂಬೋಳಿಗೆ ಹೋದ ಮೇಲೆ ಖಾಲಿ ಬಿದ್ದಿದ್ದ ಕಟ್ಟಡಕ್ಕೆ 2004ರ ಅಂತರರಾಷ್ಟ್ರೀಯ ಚಿತ್ರೋತ್ಸವದಿಂದ ಹೊಸ ಜೀವ ಬಂತು. 2016ರಿಂದ ಡಿಸೆಂಬರಿನಲ್ಲಿ ಸೆರೆಂಡಿಪಿಟಿ ಕಲಾ ಉತ್ಸವವೂ ಸೇರಿತು. ಆಗ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸರಿ, ಜುಲೈನಲ್ಲಿ?

ಹಳೇ ಕಟ್ಟಡಕ್ಕೆ ಮಳೆಗಿಂತ ಮುಚ್ಚಿದ ಕಿಟಕಿ ಜಾಸ್ತಿ ಅಪಾಯ. ಇಲ್ಲಿನ ಹಳೇ ಗೋಡೆಗಳು ಹೆಚ್ಚಾಗಿ ಮುರಕಲ್ಲಿನವು, ಅಂದರೆ ಜಂಬಿಟ್ಟಿಗೆಯವು. ಮುರಕಲ್ಲು ನೀರು ಕುಡಿಯುತ್ತದೆ. ಮೇಲೆ ಸುಣ್ಣದ ಗಾರೆ ಇದ್ದರೆ ಬಿಸಿಲು ಬಂದಾಗ ಆ ನೀರು ಹೊರಗೆ ಹೋಗುತ್ತದೆ. ಅಂದ ಕಾಣಲಿ ಅಂತ ಸಿಮೆಂಟ್ ಬಳಿದು ಪ್ಲಾಸ್ಟಿಕ್ ಪೇಂಟ್ ಹೊಡೆದರೆ ತೇವ ಒಳಗೇ ಕೂರುತ್ತದೆ. ಆಮೇಲೆ ಬಣ್ಣ ಉಬ್ಬುತ್ತದೆ, ತೊಲೆಯ ತುದಿ ಕೊಳೆಯುತ್ತದೆ. ಮಾಡಿನಲ್ಲಿ ಒಂದು ಮಂಗಳೂರು ಹೆಂಚು ಜಾರಿತು ಅನ್ನಿ. ದಿನಾ ಬಾಗಿಲು ತೆಗೆಯುವವರಿದ್ದರೆ ಅವತ್ತೇ ಗೊತ್ತಾಗುತ್ತದೆ. ಇಲ್ಲದಿದ್ದರೆ ಗೊತ್ತಾಗುವುದು ಗಣೇಶ ಚೌತಿ ಕಳೆದ ಮೇಲೆ, ಅಟ್ಟದ ಹಲಗೆ ಮೆತ್ತಗಾದಾಗ. ಊರಲ್ಲಿ ಬೀಗ ಹಾಕಿಟ್ಟ ಮನೆ ಇರುವವರಿಗೆ ಇದನ್ನು ಹೇಳಬೇಕಾಗಿಲ್ಲ, ಅಲ್ವಾ?

ಆದ್ದರಿಂದ ಸಾಂಸ್ಕೃತಿಕ ಕೇಂದ್ರ ಅಂದರೆ ನನ್ನ ಲೆಕ್ಕದಲ್ಲಿ ಉದ್ಘಾಟನೆಯ ದೀಪವಲ್ಲ, ಮಳೆಗಾಲದ ಮಂಗಳವಾರ. ಕೊಂಕಣಿ ನಾಟಕದ ತಿಯಾತ್ರ್ ತಂಡಕ್ಕೆ ತಾಲೀಮಿಗೆ ಒಂದು ಕೋಣೆ, ನಮ್ಮ ಯಕ್ಷಗಾನದ ಹುಡುಗರಿಗೆ ಕುಣಿಯಲು ಒಂದು ಕೋಣೆ. ಬಾಡಿಗೆ ನಮ್ಮಂಥವರು ಕೊಡುವಷ್ಟಿರಲಿ. ವಾಸ್ಕೋದ ಬೈನಾದ ಮಕ್ಕಳು ಬಂದು ಕೂತು ಓದಲು ನಾಲ್ಕು ಬೆಂಚು. ಶುಚಿಯಾದ ಶೌಚಾಲಯ. ವಾಸ್ಕೋ ಬಸ್ ತಪ್ಪದ ಹಾಗೆ ಕಾರ್ಯಕ್ರಮ ಮುಗಿಸುವ ಬುದ್ಧಿ.

ಫಲಕದ ಅರ್ಜಿ ಬರೆದು ಕಳಿಸಿ, ನಾನೂ ಸಹಿ ಹಾಕುತ್ತೇನೆ. ಕೆಳಗೆ ಒಂದು ಸಾಲು ಮಾತ್ರ ಸೇರಿಸುತ್ತೇನೆ: ಜುಲೈನಲ್ಲಿ ಬಾಗಿಲು ಎಷ್ಟು ಗಂಟೆಗೆ ತೆಗೆಯುತ್ತೀರಿ?