ಪಲ್ಪ್ ಲೆಕ್ಕ: ಭಾರತವನ್ನು ಯಾರ ಪಕ್ಕ ನಿಲ್ಲಿಸುವುದು?

ಪ್ರಶ್ನೆ: ಸರ್, ನಾನು ಬಿ.ಕಾಂ. ಕೊನೇ ವರ್ಷ. ಭಾರತದ ಮರದ ಪಲ್ಪ್ (ಕಾಗದ ಮಾಡುವ ತಿರುಳು) ಆಮದನ್ನು ಇಡೀ ದಕ್ಷಿಣ ಏಷ್ಯಾದ ಆಮದಿನ ಜೊತೆ ಹೋಲಿಸಿ ಪ್ರಾಜೆಕ್ಟ್ ಬರೆಯುತ್ತಿದ್ದೇನೆ. ಗ್ರಾಫಿನಲ್ಲಿ ಎರಡೂ ಗೆರೆ ಜೊತೆಜೊತೆಗೇ ಏರಿಳಿಯುತ್ತವೆ. ಇದರಿಂದ ಏನು ಹೇಳಬಹುದು? ನಮ್ಮ ತಾತನ ತೋಪಿನ ನೀಲಗಿರಿಯೆಲ್ಲ ಲಾರಿಗಟ್ಟಲೆ ಮಿಲ್ಲಿಗೆ ಹೋಯಿತು, ಆದರೂ ಹೊರದೇಶದ ಪಲ್ಪ್ ಯಾಕೆ ಬೇಕು?
– ವಿದ್ಯಾರ್ಥಿನಿ, ಚಿಂತಾಮಣಿ

ಉತ್ತರ: ಆ ಗ್ರಾಫಿನಿಂದ ಏನೂ ಹೇಳಲಾಗದು ಕಣಮ್ಮ. ದಕ್ಷಿಣ ಏಷ್ಯಾದ ಮೊತ್ತದಲ್ಲಿ ದೊಡ್ಡ ಪಾಲು ಭಾರತದ್ದೇ. ಮನೆಯಲ್ಲಿ ದುಡಿಯುವವನು ಅಪ್ಪ ಒಬ್ಬನೇ ಇರುವಾಗ, ಅಪ್ಪನ ಸಂಬಳವನ್ನು ಮನೆಯ ಆದಾಯದ ಜೊತೆ ಹೋಲಿಸಿದ ಹಾಗಾಯಿತು. ಮೊದಲು ಮೊತ್ತದಿಂದ ಭಾರತವನ್ನು ಕಳೆ. ಉಳಿಯುವುದು ಮುಖ್ಯವಾಗಿ ಬಾಂಗ್ಲಾದೇಶ, ಪಾಕಿಸ್ತಾನ. ಅವರ ಕಚ್ಚಾ ಮಾಲಿನ ಕಥೆಯೂ ಬೇರೆ. ಬಾಂಗ್ಲಾದ ಚಂದ್ರಘೋನಾದಲ್ಲಿ 1953ರಲ್ಲಿ ಶುರುವಾದ ಕರ್ಣಫುಲಿ ಮಿಲ್ಲು ಬಿದಿರು ನಂಬಿ ಕಟ್ಟಿದ್ದು. ಪಾಕಿಸ್ತಾನದಲ್ಲಿ ಗೋಧಿ ಹುಲ್ಲಿನಿಂದಲೂ ಪಲ್ಪ್ ತೆಗೆಯುತ್ತಾರೆ.

ಇಡೀ ಏಷ್ಯಾ ತೆಗೆದುಕೊಂಡರೆ ಇನ್ನೊಂದು ತಾಪತ್ರಯ, ಚೀನಾ. ಅದೊಂದೇ ದೇಶ 2023ರಲ್ಲಿ 3 ಕೋಟಿ ಟನ್ನಿಗೂ ಮೀರಿ ಪಲ್ಪ್ ತರಿಸಿಕೊಂಡಿತು. ನಮ್ಮ ಆಮದು ಅದರ ಹತ್ತರಲ್ಲಿ ಒಂದಂಶವೂ ಅಲ್ಲ. ಹಾಗಂತ ನಾವು ಸ್ವಾವಲಂಬಿಗಳು ಎಂದು ಬರೆದುಬಿಡಬೇಡ! ನಮ್ಮ ಮಿಲ್ಲುಗಳು ಹೆಚ್ಚಾಗಿ ನಡೆಯುವುದು ರದ್ದಿ ಕಾಗದದ ಮೇಲೆ, ಆ ರದ್ದಿಯೂ ಹಡಗುಗಟ್ಟಲೆ ಹೊರಗಿನಿಂದ ಬರುತ್ತದೆ. ಕಸ್ಟಮ್ಸ್ ಪಟ್ಟಿಯ 47ನೇ ಅಧ್ಯಾಯದಲ್ಲಿ ಪಲ್ಪೂ ಇದೆ, ರದ್ದಿಯೂ ಇದೆ. ಇಡೀ ಅಧ್ಯಾಯದ ಮೊತ್ತ ಎತ್ತಿಕೊಂಡಿದ್ದರೆ 4707 ಅನ್ನುವ ಸಾಲು ತೆಗೆದುಹಾಕು, ಅದು ರದ್ದಿ. 4702 ಬೇರೆ ಇಡು. ಅದು ಮುಖ್ಯವಾಗಿ ವಿಸ್ಕೋಸ್ ಎಂಬ ಬಟ್ಟೆಯ ನೂಲಿಗೆ ಹೋಗುವ ಪಲ್ಪ್, ಕಾಗದಕ್ಕಲ್ಲ. ವಿಸ್ಕೋಸ್ ಮಾಡುವ ಆದಿತ್ಯ ಬಿರ್ಲಾ ಗುಂಪು ಸ್ವೀಡನ್ನಿನಲ್ಲೂ ಕೆನಡಾದಲ್ಲೂ ಪಲ್ಪ್ ಮಿಲ್ಲು ಇಟ್ಟುಕೊಂಡಿದೆ. ಕಾಗದದ ಕಥೆ ಇರುವುದು ಬಹುಪಾಲು 4703ರಲ್ಲಿ, ಅಂದರೆ ರಾಸಾಯನಿಕ ಹಾಕಿ ಬೇಯಿಸಿದ ಮರದ ಪಲ್ಪಿನ ಸಾಲಿನಲ್ಲಿ.

ಜಪಾನಿನ ಅಂಕಿ ನೋಡಿದರೆ ಇನ್ನೂ ಮೋಸಹೋಗುತ್ತೀಯ. ಅವರು ಮರದ ಚಕ್ಕೆಯನ್ನೇ ಹಡಗಿನಲ್ಲಿ ತರಿಸಿ ಪಲ್ಪನ್ನು ತಮ್ಮ ನೆಲದಲ್ಲೇ ಬೇಯಿಸುತ್ತಾರೆ. ಪಲ್ಪ್ ಲೆಕ್ಕದಲ್ಲಿ ಚಿಕ್ಕವರು, ಮರದ ಲೆಕ್ಕದಲ್ಲಿ ಅಲ್ಲ. ಆದ್ದರಿಂದ ಪಲ್ಪ್, ಚಕ್ಕೆ, ರದ್ದಿ ಮೂರಕ್ಕೂ ಬೇರೆ ಬೇರೆ ಕಾಲಂ ಹಾಕು. ನಾನು ಗೈಡ್ ಆಗಿದ್ದರೆ ಈ ಮೂರು ಕಾಲಂ ಇಲ್ಲದ ಪ್ರಾಜೆಕ್ಟಿಗೆ ಸಹಿ ಹಾಕುತ್ತಿರಲಿಲ್ಲ.

ಇನ್ನು ತಾತನ ನೀಲಗಿರಿ. ಅದರ ಎಳೆ, ಅಂದರೆ ಮರದೊಳಗಿನ ನಾರು, ಗಿಡ್ಡ, ಹೆಚ್ಚೆಂದರೆ ಸುಮಾರು 1 ಮಿಲಿಮೀಟರ್. ಚಳಿದೇಶದ ಪೈನ್, ಸ್ಪ್ರೂಸ್ ಎಳೆ ಸುಮಾರು 3 ಮಿಲಿಮೀಟರ್. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ನಾನು ಪ್ರೆಸ್ ನಡೆಸುತ್ತಿದ್ದಾಗ ರೀಮು ಬಿಚ್ಚಿದ ಕೂಡಲೇ ಒಂದು ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಹರಿದು ನೋಡುತ್ತಿದ್ದೆ. ಗಿಡ್ಡ ಎಳೆಯ ಮ್ಯಾಪ್‌ಲಿಥೋ (ಪುಸ್ತಕ ಅಚ್ಚುಹಾಕುವ ಬಿಳಿ ಕಾಗದ) ನುಣುಪು, ಅಕ್ಷರ ಚೆನ್ನಾಗಿ ಕೂರುತ್ತದೆ, ಆದರೆ ಸಲೀಸಾಗಿ ಹರಿಯುತ್ತದೆ. ಸಿಮೆಂಟ್ ಚೀಲಕ್ಕೆ ಅದು ಸಾಲದು, ಉದ್ದ ಎಳೆ ಬೇಕು. ಅಂಥ ಮರ ನಮ್ಮಲ್ಲಿ ಹೆಚ್ಚಾಗಿ ಹಿಮಾಲಯದ ಕಡೆಯೇ, ಸಲೀಸಾಗಿ ಕಡಿಯುವಂತಿಲ್ಲ.

ಹಾಗಾದರೆ ಗಿಡ್ಡ ಎಳೆಯನ್ನಾದರೂ ನಾವೇ ಬೆಳೆಯಬಾರದೇ? ಕಾಡು ಬಿಟ್ಟು ರೈತರ ಜಮೀನಿನಿಂದ ಮರ ತೆಗೆದುಕೊಳ್ಳಿ ಎಂದು ಮಿಲ್ಲುಗಳಿಗೆ 1988ರ ಅರಣ್ಯ ನೀತಿಯೇ ಹೇಳಿತು. ಬ್ರೆಜಿಲ್ಲಿನವರು ಅದೇ ನೀಲಗಿರಿಯನ್ನು ಆರೇಳು ವರ್ಷಕ್ಕೆ ಕಟಾವು ಮಾಡಿ ಜಗತ್ತಿಗೆಲ್ಲ ಪಲ್ಪ್ ಮಾರುತ್ತಾರೆ. ಅವರ ಮಳೆ ನಮಗೆಲ್ಲಿ ಬರಬೇಕು? ಬೋರ್‌ವೆಲ್ ಸಾವಿರ ಅಡಿ ಮುಟ್ಟಿದ ಸೀಮೆ ನಮ್ಮದು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು ನನ್ನ ಮಟ್ಟಿಗೆ ತಡವಾಗಿಯಾದರೂ ಸರಿ. ಒಂದು ಟನ್ ಪಲ್ಪ್ ತರಿಸಿದರೆ ಅದರ ಮರ ಬೆಳೆಯಲು ಕುಡಿದ ನೀರೂ ಜೊತೆಗೆ ಬಂದಂತೆಯೇ. ಇದನ್ನು ಪ್ರಾಜೆಕ್ಟಿನಲ್ಲಿ ಬರೆ, ಬೇಕಾದರೆ ನಿಮ್ಮ ಮೇಷ್ಟ್ರು ಜಗಳ ಆಡಲಿ.

ಪ್ರಶ್ನೆ: ಪಲ್ಪಿನ ಒಂದು ಟನ್ ಅಂದರೆ ಹಸಿಯೋ ಒಣಗಿದ್ದೋ?
– ಓದುಗರು, ಗೌರಿಬಿದನೂರು

ಉತ್ತರ: ವ್ಯಾಪಾರದ ಲೆಕ್ಕದಲ್ಲಿ ನೂರಕ್ಕೆ 90 ಪಾಲು ಒಣ ಎಳೆ, 10 ಪಾಲು ತೇವ. ತೇವ ಹೆಚ್ಚಿದ್ದರೂ ಬಿಲ್ಲು ಈ ಲೆಕ್ಕಕ್ಕೇ ಇಳಿಸಿ ಮಾಡುತ್ತಾರೆ, ನೀರಿಗೆ ದುಡ್ಡಿಲ್ಲ.