ಏಟು ತಿನ್ನುವುದು ಶಿಲುಬೆಯಲ್ಲ

ಪ್ರಶ್ನೆ: ನಾವು ಕಥೋಲಿಕರು. ಗಂಡ ಕುಡಿದು ಬಂದು ಹೊಡೆಯುತ್ತಾರೆ. ಈಚೆಗೆ ಮಗನ ಮೇಲೂ ಕೈ ಎತ್ತಿದರು. ತವರಿಗೆ ಹೋಗ್ತೀನಿ ಅಂದರೆ ಅತ್ತೆ, ‘ಯೇಸು ಸ್ವಾಮಿ ಶಿಲುಬೆ ಹೊರಲಿಲ್ವಾ? ನಿನ್ನ ಶಿಲುಬೆ ನೀನು ಹೊರು’ ಅನ್ನುತ್ತಾರೆ. ಬಿಟ್ಟು ಹೋದರೆ ಪಾಪವೇ?
— ಹೆಸರು ಬೇಡ, ದಕ್ಷಿಣ ಕನ್ನಡ

ಉತ್ತರ: ಪಾಪವಲ್ಲ ತಂಗಿ. ಮಗನನ್ನು ಕರೆದುಕೊಂಡು ಮೊದಲು ತವರಿಗೆ ಹೋಗಿ.

ನಿಮ್ಮನ್ನು ಕಟ್ಟಿಹಾಕಿರುವುದು ಶಿಲುಬೆಯ ಮಾತು, ಅಲ್ವಾ? ಯೇಸು ಶಿಲುಬೆ ಹೊತ್ತರು, ನಿಜ. ಆದರೆ ತಮ್ಮ ಪ್ರಾಣವನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ, ತಾವಾಗಿಯೇ ಕೊಡುತ್ತಿದ್ದೇವೆ ಎಂದು ಹೇಳಿ ಹೊತ್ತರು. ಅದಕ್ಕೂ ಮುಂಚೆ ನಜರೇತಿನ ಜನ ಬೆಟ್ಟದ ಅಂಚಿಗೆ ಎಳೆದೊಯ್ದು ತಳ್ಳಲು ಹೊರಟಾಗ, ಅವರ ನಡುವಿನಿಂದಲೇ ದಾಟಿ ಹೋದರು. ದೇವಾಲಯದಲ್ಲಿ ಹೊಡೆಯಲು ಕಲ್ಲು ಎತ್ತಿಕೊಂಡಾಗ ಮರೆಯಾದರು. ಇನ್ನೂ ಹಿಂದಕ್ಕೆ ಹೋಗಿ. ರಾಜ ಹೆರೋದ ಮಗು ಯೇಸುವನ್ನು ಕೊಲ್ಲಲು ಹುಡುಕಿದಾಗ ದೇವದೂತ ಜೋಸೆಫರಿಗೆ ‘ಸಹಿಸಿಕೋ’ ಅನ್ನಲಿಲ್ಲ. ತಾಯಿಯನ್ನೂ ಮಗುವನ್ನೂ ಕರೆದುಕೊಂಡು ಈಜಿಪ್ಟಿಗೆ ಓಡಿಹೋಗು ಅಂದ. ಅವರು ರಾತ್ರಿಯೇ ಹೊರಟರು.

ನೋವಿಗೆ ಕ್ರೈಸ್ತ ನಂಬಿಕೆಯಲ್ಲಿ ದೊಡ್ಡ ಅರ್ಥವಿದೆ. ವಾಸಿಯಾಗದ ಕಾಯಿಲೆಯನ್ನು ಪ್ರಾರ್ಥನೆಯಲ್ಲಿ ತಾಳಿಕೊಳ್ಳುವವರು, ಹಾಸಿಗೆ ಹಿಡಿದವರ ಸೇವೆಯಲ್ಲಿ ತಮ್ಮನ್ನೇ ಸವೆಸುವವರು ಶಿಲುಬೆ ಹೊತ್ತಿದ್ದಾರೆ ಅಂತ ನಾನೂ ನಂಬುತ್ತೇನೆ. ಅಲ್ಲಿ ಪ್ರೀತಿ ಇದೆ. ನೀವು ತಿಂದ ಏಟಿನಿಂದ ಯಾರಿಗೆ ಏನು ಸಿಕ್ಕಿತು? ನಿಮ್ಮ ಗಂಡನಿಗೆ ತಡೆಯುವವರಿಲ್ಲ ಅನ್ನುವ ಧೈರ್ಯ ಬಂತು. ಮಗ ಹೆದರಿಕೆ ಕಲಿತ. ಜನರಿಗೆ ಜೀವ ಸಿಗಲಿ, ಅದೂ ಸಮೃದ್ಧವಾಗಿ ಸಿಗಲಿ ಎಂದೇ ತಾವು ಬಂದದ್ದು ಅಂತ ಹೇಳಿದವರು ಯೇಸು. ಆ ಮಾತಿನಲ್ಲಿ ನೀವೂ ಇದ್ದೀರಿ, ನಿಮ್ಮ ಮಗನೂ ಇದ್ದಾನೆ.

ಧರ್ಮಸಭೆ ಏನನ್ನುತ್ತದೋ ಎಂಬ ಭಯ ಬೇಡ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 1153ನೇ ವಿಧಿ ಸ್ಪಷ್ಟವಾಗಿದೆ. ಸಂಗಾತಿಯಿಂದ ತನ್ನ ಅಥವಾ ಮಕ್ಕಳ ದೇಹಕ್ಕೋ ಮನಸ್ಸಿಗೋ ಗಂಭೀರ ಅಪಾಯವಿದ್ದರೆ ಬೇರೆ ಇರಬಹುದು. ತಡ ಮಾಡಿದರೆ ಅಪಾಯ ಅನ್ನುವಂತಿದ್ದರೆ ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಹೀಗೆ ಬೇರೆ ಇರುವುದರಿಂದ ಮದುವೆಯ ಸಂಸ್ಕಾರ ಮುರಿಯುವುದಿಲ್ಲ. ಅದೊಂದೇ ಕಾರಣಕ್ಕೆ ಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸುವುದಕ್ಕೂ ಅಡ್ಡಿಯಿಲ್ಲ. ನಿಮ್ಮ ಇಗರ್ಜಿಯ ಫಾದರ್ ಹತ್ತಿರ ಮಾತಾಡುವಾಗ ಈ ವಿಧಿಯ ಸಂಖ್ಯೆ ಹೇಳಿ.

ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯ್ದೆಯಡಿ ಸಂರಕ್ಷಣಾಧಿಕಾರಿಗೆ ದೂರು ಕೊಡಬಹುದು. ಹೊರಡುವಾಗ ಆಧಾರ್, ಪಾಸ್‌ಬುಕ್, ಮಗನ ಜನನ ಪ್ರಮಾಣಪತ್ರ ಜೊತೆಗಿರಲಿ. ಗಂಡ ಕುಡಿತಕ್ಕೆ ಚಿಕಿತ್ಸೆ ಪಡೆದು, ಇನ್ನು ಕೈ ಎತ್ತುವುದಿಲ್ಲ ಅಂತ ನಿಮಗೆ ಖಾತ್ರಿಯಾದ ಮೇಲೆ ವಾಪಸು ಹೋಗುವ ಮಾತು. ಅಲ್ಲಿಯವರೆಗೆ ಅವರಿಗಾಗಿ ತವರಿನಿಂದಲೇ ಪ್ರಾರ್ಥಿಸಿ.