ಲಂಡನ್ನಿನ ಅಂಡರ್‌ಗ್ರೌಂಡ್ ರೈಲಿನ ಬಗ್ಗೆ ಹೆಚ್ಚು ಜನರಿಗೆ ಗೊತ್ತಿಲ್ಲದ ಸಂಗತಿಗಳು ಯಾವುವು?

ಹೆಸರೇನೋ ಅಂಡರ್‌ಗ್ರೌಂಡ್, ಆದರೆ ಅದರ ಹಳಿಯ ಅರ್ಧಕ್ಕಿಂತ ಜಾಸ್ತಿ ಭಾಗ ಇರುವುದು ನೆಲದ ಮೇಲೆಯೇ!

ನನಗೆ ತುಂಬಾ ಇಷ್ಟವಾದದ್ದು ಸುಳ್ಳು ಮನೆಗಳ ಕಥೆ. 1863ರ ಜನವರಿ 10ರಂದು ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ವರೆಗೆ ಮೊದಲ ಮಾರ್ಗ ಶುರುವಾದಾಗ ಸುರಂಗದೊಳಗೆ ಓಡುತ್ತಿದ್ದದ್ದು ಉಗಿ ಎಂಜಿನ್‌ಗಳು. ಹೊಗೆ ಹೊರಗೆ ಹೋಗಬೇಕಲ್ವಾ? ಅದಕ್ಕೆ ಅಲ್ಲಲ್ಲಿ ಮೇಲ್ಗಡೆ ತೆರೆದೇ ಬಿಡಬೇಕಿತ್ತು. ಮಾರ್ಗ ಮುಂದೆ ಬೇಸ್‌ವಾಟರ್ ಕಡೆಗೆ ಬೆಳೆದಾಗ ಲೀನ್‌ಸ್ಟರ್ ಗಾರ್ಡನ್ಸ್ ಎಂಬ ಬೀದಿಯಲ್ಲಿ 23 ಮತ್ತು 24ನೇ ನಂಬರಿನ ಮನೆಗಳನ್ನು ಕೆಡವಿದರು, ಆದರೆ ಬೀದಿಯ ಅಂದ ಕೆಡಬಾರದು ಅಂತ ಅಕ್ಕಪಕ್ಕದ ಮನೆಗಳಂತೆಯೇ ಕಾಣುವ ಬರೀ ಮುಂಗೋಡೆ ಕಟ್ಟಿ, ಬಾಗಿಲು, ಬಣ್ಣ ಬಳಿದ ಸುಳ್ಳು ಕಿಟಕಿ ಎಲ್ಲ ಇಟ್ಟರು. ಅದು ಈಗಲೂ ಇದೆ. ಹಿಂದೆ ಹೋಗಿ ನೋಡಿದರೆ ಮನೆಯಿಲ್ಲ, ಕೆಳಗೆ ಹಳಿ!

ಆಳದ ಸುರಂಗಗಳಲ್ಲಿ ಸೆಕೆ ಏಕೆ ಅಂದರೆ, ಸುತ್ತಲಿನ ಜೇಡಿಮಣ್ಣು ರೈಲಿನ ಬ್ರೇಕು, ಮೋಟರ್‌ಗಳ ಬಿಸಿಯನ್ನು ದಶಕಗಳಿಂದ ಹೀರಿಕೊಂಡು ತಾನೇ ಬಿಸಿಯಾಗಿಬಿಟ್ಟಿದೆ.

ಇನ್ನು ಅದರ ಪ್ರಸಿದ್ಧ ಮ್ಯಾಪ್. 1933ರಲ್ಲಿ ಜನರ ಕೈಗೆ ಬಂದ ಇದನ್ನು ಬರೆದ ಹ್ಯಾರಿ ಬೆಕ್ ಎಲೆಕ್ಟ್ರಿಕಲ್ ನಕ್ಷೆಗಳನ್ನು ಬರೆಯುತ್ತಿದ್ದವರು. ನೋಡಲು ಸುಲಭ, ಆದರೆ ದೂರದ ವಿಷಯದಲ್ಲಿ ಮಾತ್ರ ಅದನ್ನು ನಂಬಬೇಡಿ. ಲೆಸ್ಟರ್ ಸ್ಕ್ವೇರ್ ಸ್ಟೇಷನ್‌ನಿಂದ ಪಕ್ಕದ ಕಾವೆಂಟ್ ಗಾರ್ಡನ್ ಸ್ಟೇಷನ್‌ಗೆ ಇರುವುದು ಸುಮಾರು 260 ಮೀಟರ್ ಅಷ್ಟೇ, ಸುಮ್ನೆ ನಡೆದುಬಿಡಿ.